ತಿನ್ನಬಾರದ ಹರಿವೆ

ಡೊಂಬಿವಲಿ, ಹೊರಡುವ ಮೊದಲು

ಬೆಲ್ಜಿಯಮ್‌ಗೆ ಹೋಗಿ ಬಂದೆ ಎಂದರೆ ನಮ್ಮವರು ಮೊದಲು ಕೇಳುವುದು ಚಾಕೊಲೇಟ್ ತಂದಿರಾ ಎಂದು. ತಂದೆ. ಏರ್‌ಪೋರ್ಟಿನಿಂದ ಡೊಂಬಿವಲಿ ತಲುಪುವಷ್ಟರಲ್ಲಿ ಟ್ಯಾಕ್ಸಿಯ ಡಿಕ್ಕಿಯಲ್ಲಿ ಅದು ಕರಗಿ, ಆರು ಬಗೆಯದ್ದೂ ಕೂಡಿ ಒಂದೇ ಮುದ್ದೆಯಾಗಿತ್ತು. ಚಮಚದಲ್ಲಿ ಕೆರೆದು ಹಂಚಿದೆ. ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಮೊದಲ ಫಾರಿನ್ ಟ್ರಿಪ್ ಮಾಡಿದವಳು ಏನೇನು ನೋಡಿದಳೋ ಎಂದು ನೀವು ಅಂದುಕೊಳ್ಳಬಹುದು. ಮ್ಯೂಸಿಯಮ್ ನೋಡಲಿಲ್ಲ, ಮಂಡಿ ಬಿಡಲಿಲ್ಲ. ನಾನು ಕಣ್ಣು ತುಂಬ ನೋಡಿದ್ದು ಒಂದು ಹೊಲವನ್ನು, ಅಷ್ಟೆ.

ಮುಂಬೈ ಬದಿಯ ನೆರೂಳದಲ್ಲಿರುವ ನನ್ನ ತಂಗಿ ಮಾಲತಿಯ ಮಗಳು ವಸುಧಾ ಅಲ್ಲಿ ಮಣ್ಣಿನ ಸಂಶೋಧನೆಯ ಕೆಲಸದಲ್ಲಿದ್ದಾಳೆ. ಅಕ್ಕ ತಂಗಿ ಇಬ್ಬರೂ ಆರು ವಾರ ಬಂದಿರಿ ಎಂದು ಕರೆದಿದ್ದಳು. ಹೊರಡುವ ತಿಂಗಳಿಗೆ ಸರಿಯಾಗಿ ಮಾಲತಿ ಬಚ್ಚಲಲ್ಲಿ ಜಾರಿದಳು. ‘ನೀನಾದರೂ ಹೋಗು ಅಕ್ಕ, ಅವಳಿಗೆ ಒಂದು ಸಾರು ಸರಿಯಾಗಿ ಮಾಡಲಿಕ್ಕೆ ಬರುವುದಿಲ್ಲ’ ಎಂದು ಆಸ್ಪತ್ರೆಯ ಮಂಚದಿಂದಲೇ ನನ್ನನ್ನು ದಬ್ಬಿದಳು. ನನಗೆ ಹೋಗುವ ಹುಮ್ಮಸ್ಸು ಇರಲಿಲ್ಲ. ಈ ವಯಸ್ಸಿನಲ್ಲಿ ಸೂಟ್‌ಕೇಸ್ ಎತ್ತುವುದಕ್ಕಿಂತ ಮೊದಲು ಸೂಟ್‌ಕೇಸ್ ಎಂಬ ಶಬ್ದವೇ ಸುಸ್ತು ಮಾಡುತ್ತದೆ.

ಬಿಟ್ಟು ಹೋಗಲು ಮನಸ್ಸಾಗದಿದ್ದದ್ದು ಮನೆಯನ್ನಲ್ಲ, ಹಿತ್ತಲನ್ನು. ಕಾರ್ಖಾನೆಗಳ ಪಕ್ಕದ ಕಾಲೊನಿಯಲ್ಲಿ ನಮ್ಮದು ಹಳೆಯ ಮೂರಂತಸ್ತಿನ ಸೊಸೈಟಿ. ನನ್ನದು ಗ್ರೌಂಡ್ ಫ್ಲೋರ್. ಅಡುಗೆಮನೆಯ ಬಾಗಿಲು ತೆಗೆದರೆ ಕಾಂಪೌಂಡ್ ಗೋಡೆಯವರೆಗೆ ಒಂದು ಪಟ್ಟಿ ನೆಲ. ಗೋಡೆಯ ಆಚೆ ನಾಲಾ. ಅದು ಒಂದು ದಿನ ಕೆಂಪಗೆ, ಒಂದು ದಿನ ಹಸಿರಾಗಿ ಹರಿಯುತ್ತದೆ. ಮೂಗಿಗೆ ಹುಳಿ ವಾಸನೆ ಬಡಿದರೆ ನಾವು ಕಿಟಕಿ ಮುಚ್ಚುತ್ತೇವೆ, ಕಮಟು ವಾಸನೆಯಾದರೆ ಮುಚ್ಚುವುದಿಲ್ಲ. ಹಾಗೆ ನಲವತ್ತು ವರ್ಷ ಕಳೆದಿದೆ. ಜೋರು ಮಳೆಗೆ ನಾಲಾ ಉಕ್ಕಿ, ಇಳಿದ ಮೇಲೆ ಕಪ್ಪು ಮೆಕ್ಕಲು ಬಿಟ್ಟುಹೋಗುತ್ತಿತ್ತು. ಉಡುಪಿಯ ಹೊಳೆಬದಿಯಲ್ಲಿ ಹುಟ್ಟಿದವಳು ನಾನು. ನೆರೆ ಬಿಟ್ಟುಹೋದ ಮಣ್ಣು ಚಿನ್ನ ಎಂದು ಅಮ್ಮ ಹೇಳುತ್ತಿದ್ದದ್ದನ್ನು ಕೇಳಿ ಬೆಳೆದವಳು. ಸೊಸೈಟಿಯವರೆಲ್ಲ ಮೂಗು ಮುಚ್ಚಿಕೊಂಡು ಫಿನಾಯಿಲ್ ಹಾಕುತ್ತಿದ್ದಾಗ ನಾನೊಬ್ಬಳೇ ಆ ಮೆಕ್ಕಲನ್ನು ಬಕೆಟ್‌ನಲ್ಲಿ ತುಂಬಿ ತುಂಬಿ ಹಿತ್ತಲಿಗೆ ಹರಡಿದೆ. ಒಂದು ವರ್ಷವಲ್ಲ, ವರ್ಷ ವರ್ಷವೂ. ಹರಿವೆ ಸೊಂಟದೆತ್ತರ ಬೆಳೆಯುತ್ತಿತ್ತು. ಎಲೆ ಒಂದೊಂದೂ ಅಂಗೈ ಅಗಲ.

ಆ ಹರಿವೆಯನ್ನು ಶುಕ್ರವಾರ ಶುಕ್ರವಾರ ಹಂಚುವುದು ನನ್ನ ವ್ರತ. ಮೊದಲ ಪಾಲು ಎರಡನೆಯ ಮಹಡಿಯ ಸುನಂದಾಳಿಗೆ. ಧಾರವಾಡದ ಕಡೆಯವಳು, ನಾನು ಸ್ಕೂಲಿನಲ್ಲಿ ಟೀಚರಾಗಿದ್ದೆನೆಂದು ನನ್ನನ್ನು ‘ಬಾಯಾರ’ ಎಂದೇ ಕರೆಯುವುದು. ಅವಳ ಸೊಸೆ ಅಶ್ವಿನಿಗೆ ಆಗ ಆರನೆಯ ತಿಂಗಳು ನಡೆಯುತ್ತಿತ್ತು, ರಕ್ತ ಕಡಿಮೆ ಎಂದು ಡಾಕ್ಟರ್ ಹೇಳಿದ್ದರು.

‘ನೀವು ಹೋಗಿ ಬರ್ರಿ ಬಾಯಾರ, ಈ ಸಲಾ ಮಳಿ ಇಲ್ಲ, ನಾ ದಿನಾ ನೀರ್ ಹಾಕತೀನಿ,’ ಎಂದಳು ಸುನಂದಾ. ‘ಆದ್ರ ಪಲ್ಯೆ ಮಾತ್ರ ಶುಕ್ರವಾರದ ತನಕಾ ಕಾಯೂದಿಲ್ಲ. ಬೇಕಾದಾಗ ಕೊಯ್ಯಾಕಿ.’

‘ಕೊಯ್ಯಿ ಮಾರಾಯ್ತಿ, ಅಶ್ವಿನಿಗೆ ದಿನಾ ಮಾಡಿ ಹಾಕು. ರಕ್ತ ಆಗ್ತದೆ,’ ಎಂದೆ. ಈ ಮಾತನ್ನು ನಾನು ಹೇಳಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು. ಮತ್ತೆ ಮತ್ತೆ ನೆನಪಿಗೆ ಬರುವುದರಿಂದ ಬರೆದೆ.

ಮಾಲತಿ ಹೇಳಿದ್ದಳೆಂದು ಮಗಳಿಗೆ ತುಳಸಿ ಬೀಜ ಕಟ್ಟಿಕೊಂಡೆ. ಬೀಜ ಮಾತ್ರ ಸಾಲದು, ಹುಟ್ಟುವುದಕ್ಕೆ ನಮ್ಮ ಮಣ್ಣೂ ಬೇಕು ಎಂದು ಹಿತ್ತಲಿನ ಮಣ್ಣನ್ನು ಉಪ್ಪಿನಕಾಯಿ ಬಾಟಲಿಗೆ ತುಂಬಿ, ಹಳೆಯ ಪೆಟಿಕೋಟ್‌ನಲ್ಲಿ ಸುತ್ತಿ ಸೂಟ್‌ಕೇಸಿನ ತಳದಲ್ಲಿಟ್ಟೆ.

ನಡುವಿನ ಏರ್‌ಪೋರ್ಟ್

ವ್ಹೀಲ್‌ಚೇರ್ ಕೇಳಿ ಪಡೆದದ್ದು. ಮುಂಬೈಯಲ್ಲಿ ರಾಣಿಯಂತೆ ಕರೆದೊಯ್ದರು. ವಿಮಾನ ಬದಲಿಸುವ ಊರಿನಲ್ಲಿ ಒಬ್ಬ ತರುಣಿ ನನ್ನನ್ನು ದೂಡಿಕೊಂಡು ಹೋಗಿ, ಬ್ರೇಕ್ ಹಾಕಿ, ‘ವೇಟ್, ಮ್ಯಾಡಮ್’ ಎಂದು ಹೇಳಿ ಮಾಯವಾದಳು. ಕುರ್ಚಿ ಗೋಡೆಗೆ ಮುಖ ಮಾಡಿತ್ತು. ಎರಡು ಗಂಟೆ ನಾನು ಒಂದು ಸೆಂಟಿನ ಜಾಹೀರಾತಿನ ಹುಡುಗಿಯ ಹುಬ್ಬನ್ನು ನೋಡುತ್ತ ಕೂತೆ. ಪಕ್ಕದ ಕುರ್ಚಿಯಲ್ಲಿ ಒಬ್ಬರು ಗುಜರಾತಿ ಮುದುಕರಿದ್ದರು. ಅವರೂ ಗೋಡೆಗೆ ಮುಖ.

‘ಬೆಹನ್‌ಜಿ,’ ಎಂದರು, ‘ಹಮ್ ಪ್ಯಾಸೆಂಜರ್ ನಹೀ. ಲಗೇಜ್ ಹೈ.’

ಕಾನ್ವೆಂಟಿನಲ್ಲಿ ಕಲಿತ ಅಷ್ಟೂ ಇಂಗ್ಲಿಷ್ ಇತ್ತು. ‘ಎಕ್ಸ್‌ಕ್ಯೂಸ್ ಮಿ’ ಎಂದು ಮೂರು ಸಲ ಗೋಡೆಗೆ ಹೇಳಿದೆ.

ಕತ್ತಲಾಗದ ಊರು

ವಸು ಇರುವುದು ಆ ದೇಶದ ಉತ್ತರದ ಅಂಚಿನ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಗಂಟಲಿನಲ್ಲಿ ಹುಟ್ಟುವಂಥದ್ದು, ಆರು ವಾರದಲ್ಲಿ ಒಮ್ಮೆಯೂ ನನ್ನ ಬಾಯಿಂದ ಸರಿಯಾಗಿ ಹೊರಡಲಿಲ್ಲ. ಬೇಸಗೆಯಾದ್ದರಿಂದ ಹತ್ತು ಗಂಟೆಗೂ ಹೊತ್ತು ಮುಳುಗುವುದಿಲ್ಲ. ಜನ ಅದನ್ನು ಭಾಗ್ಯ ಎನ್ನುತ್ತಾರೆ. ನನಗೆ ಅದು ಬೆಲ್ ಹೊಡೆಯದ ಸ್ಕೂಲಿನ ಹಾಗೆ. ದಣಿದಿದ್ದರೂ ಮನೆಗೆ ಹೋಗು ಎಂದು ಯಾರೂ ಹೇಳುವುದಿಲ್ಲ. ಪರದೆ ಎಳೆದು, ಕಣ್ಣಿಗೆ ಕರವಸ್ತ್ರ ಕಟ್ಟಿ ಮಲಗುತ್ತಿದ್ದೆ.

ನನಗಿಂತ ಹಿರಿಯ ಹೆಂಗಸರು ಸೈಕಲ್ ಹೊಡೆದುಕೊಂಡು ಬ್ರೆಡ್ ತರಲು ಹೋಗುತ್ತಾರೆ. ರಾತ್ರಿಯೂಟಕ್ಕೆ ಅದೇ ಬ್ರೆಡ್ಡು, ತಣ್ಣಗೆ. ಒಲೆ ಹೊತ್ತಿಸುವುದು ದಿನಕ್ಕೆ ಒಮ್ಮೆ. ಭಾನುವಾರ ಬಟ್ಟೆ ಒಣಗಿಸಲೂ ಸಂಕೋಚ. ಕಸಕ್ಕಂತೂ ಒಂದೊಂದು ಬಣ್ಣದ ಚೀಲ. ನಾನು ಮೊದಲ ವಾರವೇ ತೆಂಗಿನ ಚಿಪ್ಪನ್ನು ತಪ್ಪು ಚೀಲಕ್ಕೆ ಹಾಕಿದೆ. ಕಸದವನು ಆ ಚೀಲವನ್ನು ಒಯ್ಯದೆ, ಮೇಲೊಂದು ಕೆಂಪು ಸ್ಟಿಕ್ಕರ್ ಅಂಟಿಸಿ, ಬಾಗಿಲಲ್ಲೇ ಬಿಟ್ಟುಹೋದ. ಹೋಮ್‌ವರ್ಕ್ ಮಾಡದ ಮಗುವನ್ನು ಕ್ಲಾಸಿನ ಹೊರಗೆ ನಿಲ್ಲಿಸಿದಂತೆ ಅದು ಇಡೀ ದಿನ ನಿಂತಿತ್ತು. ನಮ್ಮಲ್ಲಿ ಕಸ ಹೊಸ್ತಿಲು ದಾಟಿದರೆ ಮುಗಿಯಿತು, ಆಮೇಲೆ ಅದು ದೇಶದ್ದು.

ಸೂಟ್‌ಕೇಸಿನಿಂದ ಬಾಟಲಿ ತೆಗೆದಾಗ ವಸು ಮೊದಲು ಉಪ್ಪಿನಕಾಯಿ ಎಂದು ಹಿಗ್ಗಿದಳು. ಮುಚ್ಚಳ ತೆರೆದು ಬೆರಳಲ್ಲಿ ಕೆದಕಿ ನೋಡಿದಳು.

‘ದೊಡ್ಡಮ್ಮ, ಯೇ ಮಿಟ್ಟಿ ಹೈ?’

‘ತುಳಸಿಗೆ. ನಿನ್ನ ಅಮ್ಮನೇ ಹೇಳಿದ್ದು.’

‘ಅಮ್ಮ ಬೀಜ ಬೋಲಿ ಥೀ! ಮಣ್ಣು ತರುದು ಇಲ್ಲೀಗಲ್ ದೊಡ್ಡಮ್ಮ. ನಾನು ಮಣ್ಣಿನ ಆಫೀಸಲ್ಲಿ ಕೆಲಸ ಮಾಡ್ತೇನೆ, ನನ್ನ ದೊಡ್ಡಮ್ಮನೇ ಸ್ಮಗ್ಲರ್!’ ಬೈಯುತ್ತಲೇ ನಕ್ಕಳು. ನೆರೂಳದಲ್ಲಿ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮೂರು ಭಾಷೆಗಳಲ್ಲಿ ಬರುತ್ತದೆ. ಹೊರಗೆ ಚೆಲ್ಲಲೂ ಅವಳಿಗೆ ಧೈರ್ಯವಾಗಲಿಲ್ಲ. ಒಂದು ಮಗ್ಗಿಗೆ ಆ ಮಣ್ಣನ್ನು ಹಾಕಿ ಬೀಜ ಊರಿ, ಅಡುಗೆಮನೆಯ ಕಿಟಕಿಯಲ್ಲಿಟ್ಟೆವು. ಎಂಟು ದಿನಕ್ಕೆ ಸಾಸಿವೆಗಾತ್ರದ ಎಲೆ ಬಂತು. ಸುನಂದಾಳಿಗೆ ಫೋಟೋ ಕಳಿಸಿದೆ. ಅವಳು ಹಿತ್ತಲಿನ ಹರಿವೆಯ ಫೋಟೋ ಕಳಿಸಿದಳು. ದಿನಾ ಒಂದು ಕಳಿಸುತ್ತಿದ್ದಳು, ಪಕ್ಕದಲ್ಲಿ ಅಳತೆಗೆ ತನ್ನ ಸೌಟನ್ನು ಹಿಡಿದು.

ಜೆಫ್‌ನ ಹೊಲ

ಎರಡನೆಯ ವಾರ ವಸು ನನ್ನನ್ನು ತನ್ನ ಕೆಲಸದ ಜಾಗಕ್ಕೆ ಕರೆದೊಯ್ದಳು. ಆ ಸೀಮೆಯಲ್ಲಿ ಹಿಂದೆ ಸತುವು ಕರಗಿಸುವ ಕಾರ್ಖಾನೆ ಇತ್ತಂತೆ. ಅದರ ಬೂದಿ ಪುಕ್ಕಟೆ ಸಿಗುತ್ತಿತ್ತೆಂದು ಜನ ರಸ್ತೆಗೆ, ಅಂಗಳಕ್ಕೆ, ಹೊಲದ ದಾರಿಗೆಲ್ಲ ಹಾಸಿದರು. ಕೆಸರಾಗದು, ಕಳೆ ಬೆಳೆಯದು ಎಂದು ಸಂತೋಷಪಟ್ಟರು. ಕಳೆ ಏಕೆ ಬೆಳೆಯುವುದಿಲ್ಲ ಎಂದು ಯಾರೂ ಕೇಳಲಿಲ್ಲ. ಕಾರ್ಖಾನೆ ಹೋಯಿತು, ಬೂದಿಯ ವಿಷ ನೆಲದಲ್ಲಿ ಉಳಿಯಿತು. ಈಗ ಆ ಹೊಲಗಳಲ್ಲಿ ತಿನ್ನುವ ಬೆಳೆ ಬೆಳೆಯುವುದಿಲ್ಲ. ವಿಲೋ ಎಂಬ ಕೋಲುಮರಗಳನ್ನು ಸಾಲು ಸಾಲಾಗಿ ನೆಟ್ಟಿದ್ದಾರೆ. ಬೇರು ವಿಷ ಹೀರುತ್ತದೆ, ಅದು ಕೊಂಬೆಗೆ ಏರುತ್ತದೆ; ಮೂರು ವರ್ಷಕ್ಕೊಮ್ಮೆ ಕಡಿದು, ಹೊಗೆಯನ್ನೂ ಸೋಸುವಂಥ ಕುಲುಮೆಯಲ್ಲಿ ಸುಡುತ್ತಾರೆ. ಬುಡ ಮತ್ತೆ ಚಿಗುರುತ್ತದೆ. ಮತ್ತೆ ಹೀರುತ್ತದೆ.

‘ಎಷ್ಟು ಸಲ ಕಡಿದರೆ ಮುಗೀತದೆ?’ ಎಂದೆ.

‘ತುಂಬಾ ಸಲ, ದೊಡ್ಡಮ್ಮ. ಮೇರೇ ರಿಟೈರ್ಮೆಂಟ್ ತಕ್ ಭೀ ನಹೀ.’

ಹೊಲದ ಯಜಮಾನ ಜೆಫ್‌ಗೆ ಎಂಬತ್ತು ದಾಟಿದೆ. ಒಂಟಿ ಮನುಷ್ಯ. ಲಾರಿ ಓಡಿಸಿ ಕಲಿತ ಇಂಗ್ಲಿಷ್. ಕೈ ಕುಲುಕಿದ ಕೂಡಲೇ ನನ್ನ ಕಾಲು ನೋಡಿ, ಒಳಗಿನಿಂದ ಒಂದು ಜೊತೆ ರಬ್ಬರ್ ಬೂಟು ತಂದಿಟ್ಟ. ಹೊಲಕ್ಕೆ ಹೋಗುವ ಬೂಟು ಬೇರೆ, ಅದು ಎಂದೂ ಮನೆಯ ಒಳಗೆ ಬರಕೂಡದು. ಹೊಲದಿಂದ ಬಂದ ಮೇಲೆ ಮೋರಿಯ ಹತ್ತಿರ ಕೈ, ಮುಖ, ಉಗುರಿನ ಸಂದಿ ಕೂಡ ತೊಳೆಯಬೇಕು. ಹೊಲದಲ್ಲಿ ನಿಂತು ಏನನ್ನೂ ಬಾಯಿಗೆ ಹಾಕಬಾರದು.

ನನಗೆ ನಗು ಬಂತು. ನನ್ನ ಅತ್ತೆಯ ಮಡಿ ಇದೇ ಅಲ್ಲವೇ! ಮದುವೆಯಾಗಿ ಬಂದ ಹೊಸತರಲ್ಲಿ, ನನ್‌ಗಳ ಹತ್ತಿರ ಓದಿ ಬಂದವಳೆಂಬ ಜಂಬದಲ್ಲಿ, ಅತ್ತೆಯ ಮಡಿಯನ್ನು ಸೂಪರ್‌ಸ್ಟಿಷನ್ ಎಂದು ಎಷ್ಟು ಹಂಗಿಸಿದ್ದೆ. ಸಮುದ್ರ ದಾಟಿ ಬಂದು ಒಬ್ಬ ಬಿಳಿ ಮುದುಕನ ಅಂಗಳದಲ್ಲಿ ಮಡಿ ಕಲಿಯಬೇಕಾಯಿತು.

ಬೂದಿ ಹಾಸಿದವನು ಅವನ ಅಪ್ಪ. ‘ಫಾದರ್ ವಾಸ್ ವೆರಿ ಪ್ರೌಡ್,’ ಎಂದ. ‘ನೈಸ್ ಡ್ರೈ ಯಾರ್ಡ್.’ ಹೊಲ ಇದ್ದೂ ಅವನು ಲೀಕ್ ಎಂಬ ಈರುಳ್ಳಿಯಂಥ ಸೊಪ್ಪು, ಆಲೂಗಡ್ಡೆಗಳನ್ನು ಪೇಟೆಯಿಂದ ತರುತ್ತಾನೆ. ಇಷ್ಟನ್ನೂ ನಾನು ಕೇಳಿದೆ, ತಲೆ ಆಡಿಸಿದೆ, ಪಾಪ ಎಂದೆ. ಮನೆಗೆ ಬರುವ ಐದು ನಿಮಿಷದ ದಾರಿಗೇ ಕಾರಿನಲ್ಲಿ ನಿದ್ದೆ ಹೋದೆ.

ಮಂಗಳವಾರ

ಮರುವಾರ ವಸು ಕೆಲಸಕ್ಕೆ ಹೋದ ಮೇಲೆ ನಾನೊಬ್ಬಳೇ, ನಡುನಡುವೆ ಕೂತು ಮಂಡಿ ಸುಧಾರಿಸಿಕೊಳ್ಳುತ್ತ, ಜೆಫ್‌ನ ಹೊಲದವರೆಗೆ ನಡೆದು ಹೋದೆ. ವಿಲೋ ಸಾಲುಗಳು ಮುಗಿದ ಮೇಲೆ, ಹೊಲದ ಆಚೆಯ ತುದಿಯಲ್ಲಿ, ಕೆಂಪಗೆ ಏನೋ ಕಂಡಿತು. ಹತ್ತಿರ ಹೋದರೆ ಹರಿವೆ! ಕೆಂಪು ದಂಟಿನ ಹರಿವೆ, ಅಚ್ಚುಕಟ್ಟಾದ ನಾಲ್ಕು ಪಾತಿ, ಸೊಂಟದೆತ್ತರ, ಎಲೆ ಅಂಗೈ ಅಗಲ. ಮೂರು ವಾರದಿಂದ ತಣ್ಣನೆಯ ಬ್ರೆಡ್ ತಿಂದವಳ ಅವಸ್ಥೆ ನಿಮಗೆ ಹೇಗೆ ಹೇಳಲಿ? ಪಕ್ಕದಲ್ಲಿ ಒಂದು ಬೋರ್ಡ್ ಇತ್ತು. ಅವರ ಭಾಷೆ. ನನ್ನ ಇಂಗ್ಲಿಷ್ ಅಲ್ಲಿ ನಡೆಯುವುದಿಲ್ಲ.

ಕ್ಲೀನ್ ಮಾಡುವುದು ವಿಲೋ, ಅದು ಆಚೆ ಇದೆ. ತರಕಾರಿ ನೆಟ್ಟಿದ್ದಾರೆಂದರೆ ಈ ಕಡೆಯ ನೆಲ ಕ್ಲೀನ್ ಆಗಿರಬೇಕು ಎಂದು ನನ್ನ ಲೆಕ್ಕ. ಯಾವ ಬೇಲಿಯಲ್ಲಿ ಸೊಪ್ಪು ಕಂಡರೂ ಕೈ ಹಾಕುವ ಉಡುಪಿಯ ಬುದ್ಧಿ ಎಲ್ಲಿಗೆ ಹೋಗುತ್ತದೆ? ದೊಡ್ಡ ಕಟ್ಟು ಕೊಯ್ದು, ಕೊಡೆ ಬಿಚ್ಚಿ ಅದರೊಳಗಿಟ್ಟು ಮಡಚಿ ತಂದೆ. ತೊಗರಿಬೇಳೆ ಬೇಯಿಸಿ, ಡಬ್ಬಿಯ ತೆಂಗಿನಹಾಲಿನಲ್ಲಿ ಹುಳಿ ಮಾಡಿದೆ. ಇಂಗಿನ ಒಗ್ಗರಣೆ ಹಾಕಿದಾಗ ಮನೆಯೆಲ್ಲ ಮನೆಯಂತಾಯಿತು. ಅವನದೇ ಹೊಲದ್ದು, ಅವನಿಗೆ ಬಡಿಸದೆ ತಿನ್ನುವುದು ಹೇಗೆ ಎಂದು ಜೆಫ್‌ಗೂ ಫೋನ್ ಮಾಡಿ ಊಟಕ್ಕೆ ಕರೆದೆ.

ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆರಕ್ಕೆ ಸರಿಯಾಗಿ ಬಂದ. ವಸು ಇನ್ನೂ ಬಂದಿರಲಿಲ್ಲ. ಅನ್ನ ಹಾಕಿ ಹುಳಿ ಬಡಿಸಿದೆ. ಚಮಚ ಎತ್ತಿದವನು, ಕೆಂಪು ದಂಟಿನ ತುಂಡನ್ನು ನೋಡಿ, ಚಮಚವನ್ನು ಮೆಲ್ಲನೆ ಕೆಳಗಿಟ್ಟ.

‘ಫ್ರಮ್ ವೇರ್, ಮ್ಯಾಡಮ್?’

‘ಫ್ರಮ್ ಯುವರ್ ಓನ್ ಫೀಲ್ಡ್!’ ಎಂದೆ. ಎಷ್ಟು ಹೆಮ್ಮೆಯಿಂದ ಹೇಳಿದೆ ಎಂದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅವನು ಬೈಯಲಿಲ್ಲ. ತಟ್ಟೆಯನ್ನು ಎರಡೂ ಕೈಯಿಂದ ಹತ್ತಿರ ಎಳೆದುಕೊಂಡು, ಬಗ್ಗಿ, ಕಣ್ಣು ಮುಚ್ಚಿ ಮೂಸಿದ. ಬಹಳ ಹೊತ್ತು. ಆಮೇಲೆ, ತನ್ನ ಹೊಲದ್ದನ್ನು ಕೊನೆಗೆ ಬೇಯಿಸಿದವಳು ತಾಯಿ, ತಾನಾಗ ಯುವಕ ಎಂದ. ಅಷ್ಟರಲ್ಲಿ ವಸು ಬಂದಳು. ಕೊಡೆಯಲ್ಲಿ ಅಂಟಿದ್ದ ಎಲೆ, ಒಲೆಯ ಮೇಲಿನ ಪಾತ್ರೆ, ನನ್ನ ಮುಖ, ಮೂರನ್ನೂ ನೋಡಿದಳು.

‘ದೊಡ್ಡಮ್ಮ, ತಿಂದ್ರಾ?’

‘ಇಲ್ಲ, ಅತಿಥಿಗಳು ಮೊದಲು ಅಂತ...’

ಅವಳು ಪಾತ್ರೆಗೆ ಮುಚ್ಚಳ ಹಾಕಿ ಬಂದು ಕೂತಳು. ಆ ಹರಿವೆಯೂ ವಿಲೋದ ಹಾಗೆಯೇ ನೆಟ್ಟದ್ದಂತೆ. ವಿಲೋ ನಿಧಾನ, ಹರಿವೆ ಅವಸರದ್ದು. ಒಂದೇ ಬೇಸಗೆಯಲ್ಲಿ ಎಲೆಯ ತುಂಬ ವಿಷ ಎಳೆದುಕೊಳ್ಳುತ್ತದೆಯೋ ಎಂದು ಅವರು ಪರೀಕ್ಷೆ ಮಾಡುತ್ತಿದ್ದಾರೆ. ಎಳೆದುಕೊಳ್ಳುತ್ತದೆಯಂತೆ, ಚೆನ್ನಾಗಿಯೇ. ಪಾತ್ರೆಯ ಹುಳಿಯನ್ನು ಅವಳು ಡಬ್ಬಿಯಲ್ಲಿ ತುಂಬಿ, ಹೆಸರು ಬರೆದು, ಆಫೀಸಿಗೆ ಒಯ್ದಳು. ಮೋರಿಗೆ ಸುರಿಯುವಂತಿಲ್ಲ.

ಕಾನ್ವೆಂಟಿನಲ್ಲಿ ನೇಚರ್ ಸ್ಟಡಿ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ಬೇರಿನ ಚಿತ್ರ ಬರೆಸಿ, ‘ಬೇರು ಆರಿಸುವುದಿಲ್ಲ ಗರ್ಲ್ಸ್, ಕೊಟ್ಟದ್ದನ್ನು ಕುಡಿಯುತ್ತದೆ’ ಎನ್ನುತ್ತಿದ್ದರು. ನನ್ನ ಚಿತ್ರಕ್ಕೆ ವೆರಿ ಗುಡ್ ಸಿಕ್ಕಿತ್ತು.

ಬುಧವಾರ

ಮಾರನೆಯ ದಿನ ಸಂಜೆ ವಸು ಆಫೀಸಿನಿಂದ ಒಂದು ಯಂತ್ರ ತಂದಳು. ನೋಡುವುದಕ್ಕೆ ಕೂದಲು ಒಣಗಿಸುವ ಡ್ರೈಯರ್‌ನಂತಿದೆ. ಮಣ್ಣಿಗೆ ಹಿಡಿದು ಗುಂಡಿ ಒತ್ತಿದರೆ ಯಾವ ಲೋಹ ಎಷ್ಟಿದೆ ಎಂದು ಪರದೆಯಲ್ಲಿ ಬರುತ್ತದೆ. ‘ಸುಮ್ಮನೆ, ದೊಡ್ಡಮ್ಮ. ಆಪ್ ಕೀ ತಸಲ್ಲೀ ಕೇ ಲಿಯೇ,’ ಎಂದು ನನ್ನ ಸಮಾಧಾನಕ್ಕೆ ಕಿಟಕಿಯ ಹತ್ತಿರ ಹೋಗಿ ತುಳಸಿಯ ಮಗ್ಗಿಗೆ ಹಿಡಿದಳು.

ಒತ್ತಿದಳು. ನೋಡಿದಳು. ಮಣ್ಣನ್ನು ಚಮಚದಿಂದ ಕೆದಕಿ ಇನ್ನೊಮ್ಮೆ ಒತ್ತಿದಳು. ಅವಳು ಹಿಂದಿ ಬಿಟ್ಟು ಇಷ್ಟುದ್ದದ ಮಾತನ್ನು ಶುದ್ಧ ಕನ್ನಡದಲ್ಲಿ ಆಡಿದ್ದು ಆ ಆರು ವಾರದಲ್ಲಿ ಅದೊಂದೇ ಸಲ.

‘ಈ ಮಣ್ಣಿನಲ್ಲಿ ನೀವು ಏನೇನು ಬೆಳೆದಿದ್ದೀರಿ?’

ಹೇಳಿದೆ. ಮೆಕ್ಕಲಿನ ಕತೆಯನ್ನೂ ಹೇಳಿದೆ. ಅವಳು ಕೇಳುತ್ತ ಕೇಳುತ್ತ ತನ್ನ ಹಣೆಯನ್ನು ಒತ್ತಿಕೊಂಡಳು. ಇದು ಕೈಯಂತ್ರ, ಪೂರಾ ಖಾತ್ರಿಯಲ್ಲ, ಲ್ಯಾಬ್‌ಗೆ ಕಳಿಸಬೇಕು. ಎಲೆಯಲ್ಲಿ ಎಷ್ಟಿದೆ ಎಂಬುದು ಬೇರೆ ಲೆಕ್ಕ, ಎಲ್ಲ ಹೌದು. ಆದರೆ ಜೆಫ್‌ನ ಹೊಲಕ್ಕಿಂತ ಇದು ಹೆಚ್ಚು ತೋರಿಸುತ್ತಿದೆ ಎಂದಳು. ತಿನ್ನುವುದನ್ನು ಇವತ್ತೇ ನಿಲ್ಲಿಸಬೇಕು. ಗರ್ಭಿಣಿಯರಂತೂ ಮುಟ್ಟಲೇಬಾರದು.

ಆಗಲೇ ಫೋನು ಟಣ್ ಎಂದಿತು. ಸುನಂದಾಳ ಫೋಟೋ. ತಟ್ಟೆಯಲ್ಲಿ ಜೋಳದ ರೊಟ್ಟಿ, ಪಕ್ಕದಲ್ಲಿ ಕೆಂಪು ಪಲ್ಯೆ, ಹಿಂದೆ ಅಶ್ವಿನಿಯ ಹೊಟ್ಟೆ. ‘ನಿಮ್ಮ ರಾಜಗಿರಿ, ಬಾಯಾರ’ ಎಂದು ಬರೆದಿದ್ದಳು. ಅವರ ಕಡೆ ಹರಿವೆಗೆ ಹಾಗೆನ್ನುತ್ತಾರೆ.

ಶುಕ್ರವಾರ

ಇಲ್ಲಿಂದ ಮುಂದೆ ಬರೆಯುವುದು ಕಷ್ಟ. ಬುಧವಾರ ನಾನು ಫೋನ್ ಮಾಡಲಿಲ್ಲ. ಅಲ್ಲಿ ಈಗ ಮಲಗಿರುತ್ತಾರೆ ಎಂದುಕೊಂಡೆ. ಗುರುವಾರ ಬೆಳಿಗ್ಗೆ ವಸು ಕಾಫಿ ಕುಡಿಯುತ್ತ ‘ಹೇಳಿದ್ರಾ?’ ಎಂದಳು. ‘ಹೇಳಿದೆ’ ಎಂದೆ. ಎಪ್ಪತ್ತಮೂರು ವರ್ಷ. ಮಕ್ಕಳ ಸುಳ್ಳನ್ನು ಕಣ್ಣಲ್ಲೇ ಹಿಡಿಯುತ್ತಿದ್ದ ಟೀಚರ್. ಇಡೀ ದಿನ ಹಾಸಿಗೆಯಲ್ಲಿ ಕೂತು ಆ ಹೊತ್ತು ಮುಳುಗದ ಆಕಾಶವನ್ನು ನೋಡಿದೆ. ಮೂವತ್ತು ವರ್ಷದ ಶುಕ್ರವಾರಗಳನ್ನು ಎಣಿಸುವುದಕ್ಕೆ ಹೋಗಿ ಬಿಟ್ಟೆ. ಎಷ್ಟು ಮಕ್ಕಳು ಆ ಸೊಪ್ಪು ತಿಂದು ದೊಡ್ಡವರಾದರು! ಅವರಿಗೇನಾದರೂ ಆಗಿದೆಯೇ? ಆಗಿದ್ದರೆ ಯಾರಿಗೆ ಗೊತ್ತು?

ಶುಕ್ರವಾರ ಮಾಡಿದೆ. ಎಲ್ಲ ಒಂದೇ ಉಸಿರಿಗೆ ಹೇಳಿದೆ. ಆಚೆಯಿಂದ ಪ್ರೆಶರ್ ಕುಕ್ಕರ್‌ನ ಸೀಟಿ ಕೇಳಿಸಿತು. ಒಂದು, ಎರಡು. ಸುನಂದಾ ಅದನ್ನು ಆರಿಸಿ ಬಂದಳು.

‘ನಾವು ಇಷ್ಟ್ ವರ್ಷ ತಿಂದೇವಲ್ರೀ. ಏನಾಗೇತಿ ನಮಗ?’

‘ಗೊತ್ತಿಲ್ಲ ಸುನಂದಾ. ಆದ್ರೆ ಅಶ್ವಿನಿ...’

‘ಬಾಯಾರ, ಇದು ನಿಮಗ ಯಾವಾಗ ತಿಳೀತು?’

ಸುಳ್ಳು ಹೇಳಬಹುದಿತ್ತು. ‘ಬುಧವಾರ’ ಎಂದೆ.

‘ಇವತ್ತ ಶುಕ್ರವಾರ,’ ಎಂದಳು. ಫೋನ್ ಇಟ್ಟಳು.

ಆಮೇಲೆ ಫೋಟೋಗಳು ಬರಲಿಲ್ಲ.

ಹೊರಡುವ ದಿನ

ಉಳಿದ ಮೂರು ವಾರ ಹೇಗೋ ಕಳೆಯಿತು. ವಾಪಸು ಟಿಕೆಟ್ ಮೊದಲೇ ನಿಶ್ಚಯವಾಗಿತ್ತು. ಹೊರಡುವ ದಿನ ಜೆಫ್ ಕಾಣಲು ಬಂದ. ಹೊಲದ ಹರಿವೆಯನ್ನು ಅಂದೇ ಕೊಯ್ದಿದ್ದರಂತೆ. ಕೈ ಗಲ್ಲ ಉಜ್ಜಿ ತೊಳೆದು ಕೆಂಪಾಗಿತ್ತು. ವಸು ಅವನಿಗೆ ನನ್ನ ಹಿತ್ತಲಿನ ವಿಷಯ ಹೇಳಿದ್ದಳೆಂದು ಕಾಣುತ್ತದೆ. ಮುಗಿಯದ ಕೆಲಸವನ್ನು ಈ ವಯಸ್ಸಿನಲ್ಲಿ ಯಾಕೆ ಮಾಡುತ್ತೀರಿ ಎಂದು ನಾನೇ ಕೇಳಿದೆ. ಅವನು ಹೆಗಲು ಕುಣಿಸಿದ. ಅಪ್ಪ ಹಾಸಿದ್ದು, ತೆಗೆಯುವುದಕ್ಕೆ ಬೇರೆ ಯಾರು ಬರುತ್ತಾರೆ ಎಂದ. ಮತ್ತೆ, ಬುಟ್ಟಿಯಿಂದ ಒಂದು ಜೊತೆ ಬೂಟು ತೆಗೆದು ಕೊಟ್ಟ. ಮೊದಲ ದಿನ ನಾನು ಹಾಕಿಕೊಂಡಿದ್ದದ್ದು. ತೊಳೆದು, ಒಣಗಿಸಿ, ಕಾಗದದಲ್ಲಿ ಸುತ್ತಿದ್ದ.

ತುಳಸಿಯ ಮಗ್ಗು ವಸುವಿನ ಆಫೀಸಿನ ಬೀರುವಿನಲ್ಲಿದೆ, ನಂಬರ್ ಹಚ್ಚಿಸಿಕೊಂಡು. ಮಾಲತಿಗೆ ನಾನಿದನ್ನು ಹೇಳಿಲ್ಲ.

ಮತ್ತೆ ಡೊಂಬಿವಲಿ

ಮನೆಗೆ ಬಂದದ್ದು ಬೆಳಿಗ್ಗೆ. ಹಿತ್ತಲ ಬಾಗಿಲು ತೆಗೆಯಲು ಕೈ ಬರಲಿಲ್ಲ. ಎಲ್ಲ ಕಿತ್ತುಹಾಕಿರುತ್ತಾರೆ, ಇಲ್ಲವೇ ಈ ಮಳೆಯಿಲ್ಲದ ವರ್ಷ ನೀರಿಲ್ಲದೆ ಸತ್ತಿರುತ್ತದೆ ಎಂದುಕೊಂಡಿದ್ದೆ. ತೆಗೆದರೆ ಹರಿವೆ ನನ್ನ ಎದೆಯೆತ್ತರ, ತೆನೆ ಬಿಟ್ಟು ಬಾಗಿತ್ತು. ಬುಡ ಒದ್ದೆ. ಪೈಪ್ ಹಿಡಿದು ಸುನಂದಾ ನಿಂತಿದ್ದಳು.

ಅವಳು ನನ್ನ ಮುಖ ನೋಡಲಿಲ್ಲ. ನಾನು ಮೊದಲು ಅಶ್ವಿನಿಯನ್ನು ಕೇಳಿದೆ.

‘ತೌರಿಗೆ ಹೋಗ್ಯಾಳ, ಹುಬ್ಬಳ್ಳಿಗೆ. ರಕ್ತಾ ತಗದು ನೋಡ್ಯಾರ. ಹೆದರೂ ಹಂಗಿಲ್ಲ ಅಂದಾರ ಡಾಕ್ಟರು. ಕೂಸು ಹುಟ್ಟಿದ ಮ್ಯಾಲೆ ಇನ್ನೊಮ್ಮೆ ನೋಡೂಣು ಅಂದಾರ.’

‘ತಿನ್ನದಿದ್ದ ಮೇಲೆ ನೀರು ಯಾಕೆ ಹಾಕಿದಿ?’

‘ನೀವಽ ಹೇಳಿದ್ರೆಲ್ಲಾ ಫೋನಿನ್ಯಾಗ, ಗಿಡಾ ವಿಷಾ ಎಳೀತಾವ ಅಂತ. ಎಳೀಲಿ. ಸಿಟ್ಟು ನಿಮ್ಮ ಮ್ಯಾಲೆ ರೀ, ಗಿಡದ ಮ್ಯಾಲೆ ಯಾಕ?’

ಆ ವಾರವೇ ನಾನು ಮಣ್ಣನ್ನೂ ಎಲೆಯನ್ನೂ ಠಾಣೆ ಪಟ್ಟಣದ ಒಂದು ಲ್ಯಾಬ್‌ಗೆ ಕೊಟ್ಟೆ. ಉತ್ತರ ಬರುವವರೆಗೆ ಸೊಸೈಟಿಯ ಒಂದೊಂದು ಬಾಗಿಲನ್ನೂ ತಟ್ಟಿ ನನ್ನ ಸೊಪ್ಪು ತಿನ್ನಬೇಡಿ ಎಂದು ಹೇಳಿದೆ. ಕೆಲವರು ನಕ್ಕರು. ಒಬ್ಬರು ಬಾಗಿಲು ಹಾಕಿದರು. ಲ್ಯಾಬಿನ ಕಾಗದ ವಸು ಹೇಳಿದ್ದನ್ನೇ ಹೇಳಿತು.

ಕೊಯ್ದದ್ದನ್ನು ಎಲ್ಲಿ ಹಾಕುವುದು ಎಂಬುದೇ ದೊಡ್ಡ ಪ್ರಶ್ನೆ. ಇಲ್ಲಿ ಜೆಫ್‌ನ ಕುಲುಮೆಯಿಲ್ಲ. ಹಸಿ ಕಸಕ್ಕೆ ಹಾಕಿದರೆ ಗೊಬ್ಬರವಾಗಿ ಇನ್ನಾರದೋ ಪಾತಿಗೆ ಹೋಗುತ್ತದೆ. ನಾನಿಲ್ಲದಾಗ ಸುನಂದಾ ಒಮ್ಮೆ ಒಂದು ಹೊರೆ ಕೊಯ್ದು, ಗುಡಿಯ ಮುಂದೆ ಆಕಳು ಕಟ್ಟಿಕೊಂಡು ಕೂರುವ ಮುದುಕಿಗೆ ಕೊಡಲು ಹೋಗಿದ್ದಳಂತೆ. ಅರ್ಧ ದಾರಿಯಿಂದ ವಾಪಸು ತಂದಳು. ‘ಆ ಆಕಳಾನೂ ಗಬ್ಬ ಐತ್ರಿ,’ ಎಂದಳು. ಈಗ ನಾವು ಒಣಗಿಸಿ ಚೀಲಕ್ಕೆ ತುಂಬಿ ಟೆರೇಸಿನ ಮೂಲೆಯಲ್ಲಿ ಇಡುತ್ತಿದ್ದೇವೆ. ತಿನ್ನಬೇಡಿ, ಸುಡಬೇಡಿ ಎಂದು ನಾಲ್ಕು ಭಾಷೆಗಳಲ್ಲಿ ಬರೆದು ಹಚ್ಚಿದ್ದೇನೆ. ಪಾಲಿಕೆಯ ಆಫೀಸಿಗೆ, ಕಾರ್ಖಾನೆಗಳ ಕಸ ಒಯ್ಯುವವರಿಗೆ ಅರ್ಜಿ ಕೊಟ್ಟೆ. ಈ ಕಿಟಕಿಯವರು ಆ ಕಿಟಕಿಗೆ ಕಳಿಸುತ್ತಾರೆ. ಸೊಸೈಟಿಯ ಸೆಕ್ರೆಟರಿ ‘ಮ್ಯಾಡಮ್, ಯೇ ಬೋರೀ ಕಬ್ ಹಟೇಗೀ?’ ಎಂದು ಚೀಲ ತೆಗೆಸಲು ದಿನಾ ಕೇಳುತ್ತಾರೆ. ಆರು ಚೀಲವಾಗಿದೆ.

ಶುಕ್ರವಾರ ಸುನಂದಾ ಈಗಲೂ ಬರುತ್ತಾಳೆ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಜೆಫ್‌ನ ಬೂಟು ಹಾಕಿಕೊಂಡು ಹಿತ್ತಲಿಗೆ ಇಳಿಯುತ್ತಾಳೆ. ನನ್ನ ಪಾದಕ್ಕಿಂತ ಅವಳ ಪಾದಕ್ಕೆ ಸರಿ ಹೊಂದಿದೆ. ಕೊಯ್ದು, ಬೂಟು ಕಳಚಿ, ಉಗುರು ತೊಳೆದು ಮೇಲೆ ಹೋಗುತ್ತಾಳೆ. ಎರಡು ತಿಂಗಳವರೆಗೂ ಒಂದು ಕಪ್ ಚಹಾಕ್ಕೆ ಕೂರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಹೋದ ಶುಕ್ರವಾರ ಕೈಯಲ್ಲಿ ಒಂದು ಡಬ್ಬಿ ಹಿಡಿದುಕೊಂಡು ಬಂದಳು. ಅಶ್ವಿನಿಗೆ ಹೆಣ್ಣುಮಗು, ತೂಕ ಸರಿಯಿದೆ, ಕೈಕಾಲು ಆಡಿಸುತ್ತದೆ, ಪರೀಕ್ಷೆಯ ಕಾಗದ ಇನ್ನೂ ಬರಬೇಕು. ಇಷ್ಟನ್ನು ನಿಂತೇ ಹೇಳಿ, ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತಳು. ಮುಚ್ಚಳ ತೆಗೆದೆ. ಕೆಂಪು ಪಲ್ಯೆ.

‘ಇದು ಎಲ್ಲಿದು?’ ಎಂದೆ.

‘ಕಲ್ಯಾಣ ಮಾರ್ಕೆಟ್ಟಿಂದು.’ ಮುಚ್ಚಳವನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟಳು. ‘ಅದು ಎಲ್ಲಿ ಬೆಳದದ್ದು ಅಂತ ಕೇಳಬ್ಯಾಡ್ರಿ ಬಾಯಾರ. ನಾನೂ ಕೇಳಲಿಲ್ಲ.’

ಲೋಕಲ್ ಟ್ರೇನಿನ ಕಿಟಕಿಯಿಂದ, ಹಳಿಯ ಪಕ್ಕದ ಗಟಾರಿನ ನೀರಿನಲ್ಲಿ ನಳನಳಿಸುವ ಪಾತಿಗಳನ್ನು ನಾವಿಬ್ಬರೂ ಎಷ್ಟು ವರ್ಷ ನೋಡಿದವರು. ಇಬ್ಬರಿಗೂ ಅದೇ ಕಣ್ಣಮುಂದೆ ಬಂದಿರಬೇಕು. ನಾನು ಡಬ್ಬಿಯನ್ನು ಎರಡೂ ಕೈಯಿಂದ ಹತ್ತಿರ ಎಳೆದುಕೊಂಡು, ಬಗ್ಗಿ ಮೂಸಿದೆ. ಬೆಳ್ಳುಳ್ಳಿ ಒಗ್ಗರಣೆ.

ಎರಡು ತಟ್ಟೆ ಹಾಕಿದೆ. ಅವಳು ಮೊದಲ ತುತ್ತು ಬಾಯಿಗಿಟ್ಟ ಮೇಲೆ ನಾನೂ ತಿಂದೆ.